ಮಕ್ಕಳ ಬಾಯಿಂದಲೇ ಬರಬೇಕು

ಡಿಗ್ರಿ ಮುಗಿಸಿದವರನ್ನು ನಮ್ಮ ಕಡೆ ಎರಡೇ ಗುಂಪು ಮಾಡುತ್ತಾರೆ: ಕೆಲಸಕ್ಕೆ ಸೇರಿದವರು ಮತ್ತು ಸುಮ್ಮನೆ ಮನೆಯಲ್ಲಿರುವವರು. ಮುಂದಕ್ಕೆ ಓದುತ್ತಿರುವವರು ಎಂಬ ಮೂರನೆಯ ಗುಂಪೊಂದಿದೆ ಎಂದು ನಾವು ಎಷ್ಟು ಬಡಕೊಂಡರೂ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಅಜ್ಜಿ ಒಪ್ಪುವುದಿಲ್ಲ. "ಇನ್ನೂ ಓದ್ತಾ ಇದೀಯಾ? ಯಾಕವ್ವ, ಇಷ್ಟು ದಿನ ಓದಿದ್ದು ಸಾಕಾಗ್ನಿಲ್ವಾ?" ಎಂದು ನಿಜವಾದ ಮರುಕದಿಂದಲೇ ಕೇಳುತ್ತಾರೆ. ಪಿರಿಯಾಪಟ್ಟಣದಲ್ಲಿ ಬಿ.ಎಸ್ಸಿ. ಮುಗಿಸಿ ಹುಣಸೂರಿನಲ್ಲಿ ಬಿ.ಎಡ್.ಗೆ ಸೇರಿಕೊಂಡಿರುವ ನನಗೆ ಈ ಪ್ರಶ್ನೆಗೆ ಇವತ್ತಿಗೂ ಸರಿಯಾದ ಉತ್ತರ ಹೊಳೆದಿಲ್ಲ. ಬಿ.ಎಡ್. ಓದುವವಳು ಅತ್ತ ಪೂರ್ತಿ ವಿದ್ಯಾರ್ಥಿನಿಯಲ್ಲ, ಇತ್ತ ಪೂರ್ತಿ ಟೀಚರಲ್ಲ. ಅಭ್ಯಾಸ ಪಾಠಕ್ಕೆಂದು ಶಾಲೆಗೆ ಹೋದರೆ ಮಕ್ಕಳು ಎದ್ದು ನಿಂತು "ನಮಸ್ತೇ ಮಿಸ್" ಅನ್ನುತ್ತವೆ. ನಾನು ಗಂಭೀರವಾಗಿ ತಲೆಯಾಡಿಸುವಷ್ಟರಲ್ಲಿ ನಮ್ಮ ಬಿ.ಎಡ್. ಮೇಷ್ಟ್ರು ಒಳಗೆ ಬರುತ್ತಾರೆ, ನಾನೂ ಮಕ್ಕಳ ಜೊತೆ ಸೇರಿ "ನಮಸ್ತೇ ಸಾರ್" ಎನ್ನುತ್ತೇನೆ.

ನಮ್ಮ ಡಿಗ್ರಿ ಬ್ಯಾಚಿನವರೆಲ್ಲ ಇಂಥದೇ ಪೇಚಿನಲ್ಲಿದ್ದೇವೆ ಅನ್ನುವುದೊಂದೇ ಸಮಾಧಾನ. ಶಿವು ಕಾಕನಕೋಟೆ ಕಡೆಯ ಒಂದು ರೆಸಾರ್ಟಿಗೆ ಸಫಾರಿ ಗೈಡಾಗಿ ಸೇರಿದ್ದಾನೆ. ಪ್ರಾಣಿಶಾಸ್ತ್ರದಲ್ಲಿ ಅವನಷ್ಟು ಅಂಕ ತೆಗೆದವರಿಲ್ಲ. "ಹುಲಿ ಕಾಣ್ನಿಲ್ಲ ಅಂದ್ರೆ ನಾನೇ ಬಚ್ಚಿಟ್ಟಿದೀನಿ ಅನ್ನಂಗೆ ಬಯ್ತಾರೆ ಕಣೆ" ಎಂದು ಫೋನಿನಲ್ಲಿ ಗೋಳಾಡುತ್ತಾನೆ. ಮೈಸೂರಿನಲ್ಲಿ ಎಂ.ಎಸ್ಸಿ. ಓದುತ್ತಿರುವ ರಂಜಿತಾಳಿಗೆ ಊರಿನಲ್ಲಿ ಯಾರ ಮೊಬೈಲು ಕೆಟ್ಟರೂ ತಂದು ಕೊಡುತ್ತಾರಂತೆ, ರಸಾಯನಶಾಸ್ತ್ರ ಓದಿದವಳಿಗೆ ಇಷ್ಟೂ ಬರದಿದ್ದರೆ ಹೇಗೆ ಎಂದು. ಇನ್ನು ನನ್ನ ವಿಚಾರ ಕೇಳಬೇಡಿ. ನಾನು ಬಿ.ಎಡ್. ಅರ್ಜಿ ಹಾಕಿದ ದಿನವೇ ನಮ್ಮವ್ವ ರಾವಂದೂರಿನ ಸಂತೆಯಲ್ಲಿ "ನಮ್ ಹುಡ್ಗಿ ಟೀಚರ್ ಆದ್ಲು" ಎಂದು ಸಾರಿಬಿಟ್ಟಳು. ಅಂದಿನಿಂದ ನಾನು ಪಾಸಾಗುವುದು ನನ್ನ ಭವಿಷ್ಯದ ಪ್ರಶ್ನೆ ಮಾತ್ರವಲ್ಲ, ಅವ್ವನ ಮಾನದ ಪ್ರಶ್ನೆಯೂ ಆಗಿದೆ.

ಬಿ.ಎಡ್.ನಲ್ಲಿ ಪಾಸಾಗುವುದಕ್ಕೆ ಪಾಠ ಮಾಡಲು ಬಂದರೆ ಸಾಲದು. ಪೀಠಿಕಾ ಪ್ರಶ್ನೆ ಎಂಬುದೊಂದಿದೆ. ತರಗತಿಗೆ ಹೋದವಳೇ "ಇವತ್ತು ಇಂಥ ಪಾಠ" ಎಂದು ಹೇಳುವುದು ಮಹಾಪರಾಧ. ಮಕ್ಕಳಿಗೆ ಗೊತ್ತಿರುವುದರಿಂದ ಶುರು ಮಾಡಿ, ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ, ಪಾಠದ ಹೆಸರು ಮಕ್ಕಳ ಬಾಯಿಂದಲೇ ಬರುವಂತೆ ಮಾಡಬೇಕು. ಬಂದಮೇಲೆ "ಶಭಾಷ್!" ಎಂದು ಆಶ್ಚರ್ಯಪಟ್ಟು ಅದನ್ನು ಬೋರ್ಡಿನ ಮೇಲೆ ಬರೆಯಬೇಕು. ಬರದಿದ್ದರೆ ಆ ಪಾಠ ಲೆಕ್ಕಕ್ಕಿಲ್ಲ. ನಮ್ಮ ಮೇಷ್ಟ್ರು ಹಿಂದಿನ ಬೆಂಚಿನಲ್ಲಿ ಕೂತು ನೋಡಿ ಅಂಕ ಹಾಕುವ ಪಾಠವನ್ನು ಕೆಡಿಸಿಕೊಂಡವರು ಮುಂದಿನ ವರ್ಷದವರ ಜೊತೆ ಮತ್ತೆ ಮಾಡಬೇಕು. ನನಗೆ ಬಂದದ್ದು ಏಳನೇ ತರಗತಿ, ವಿಷಯ ದ್ಯುತಿಸಂಶ್ಲೇಷಣೆ. ನನಗೆ ಸಂತೋಷವೇ ಆಯಿತು. ಎಲೆಯ ಪಾಠ, ಹಳ್ಳಿಯ ಮಕ್ಕಳು, ಶಾಲೆಯ ಸುತ್ತ ಹೊಲ. ಇದಕ್ಕಿಂತ ಸುಲಭದ್ದು ಉಂಟೇ ಎಂದುಕೊಂಡೆ. ಆ ಹೊಲಗಳಲ್ಲಿ ಇದ್ದದ್ದು ಹೊಗೆಸೊಪ್ಪು ಅನ್ನುವುದನ್ನು, ಹೊಗೆಸೊಪ್ಪಿನ ಮನೆಯಲ್ಲೇ ಹುಟ್ಟಿ ಬೆಳೆದ ನಾನು ಯಾಕೆ ಯೋಚಿಸಲಿಲ್ಲವೋ ಕಾಣೆ.

ಇಸ್ತ್ರಿ ಮಾಡಿದ ಸೀರೆ ಉಟ್ಟು, ಬಣ್ಣದ ಚಾರ್ಟು ಹಿಡಿದು ತರಗತಿಗೆ ಹೋದೆ. ಮೇಷ್ಟ್ರು ಹಿಂದೆ ಕೂತು ಪೆನ್ನು ತೆಗೆದರು.

"ಮಕ್ಕಳೇ, ಎಲೆ ಯಾಕೆ ಹಸಿರಾಗಿರುತ್ತದೆ?" ಎಂದೆ. ಪತ್ರಹರಿತ್ತು ಇರುವುದರಿಂದ ಎಂದು ಉತ್ತರ ಬರಬೇಕಿತ್ತು.

ಮುಂದಿನ ಬೆಂಚಿನ ಮನು ಎದ್ದು ನಿಂತ. "ಇನ್ನೂ ಬಲ್ತಿಲ್ಲ ಮಿಸ್. ಬಲ್ತ್ರೆ ಅಳ್ದಿಗೆ ತಿರುಕತದೆ."

"ಅಸ್ರಾಗಿದ್ದಾಗ್ಲೇ ಮುರುದ್ರೆ ಬ್ಯಾರನ್‌ನಲ್ಲಿ ಕಪ್ಪಾಯ್ತದೆ ಮಿಸ್, ಅರಾಜಲ್ಲಿ ಯಾರೂ ಮೂಸಲ್ಲ" ಎಂದು ಪಕ್ಕದವನು ಸೇರಿಸಿದ. ಬ್ಯಾರನ್ನು ಎಂದರೆ ಹಗಲೂ ರಾತ್ರಿ ಸೌದೆ ಉರಿಸಿ ಸೊಪ್ಪು ಬೇಯಿಸುವ ಮನೆ. ಆ ಮಕ್ಕಳಲ್ಲಿ ಅರ್ಧದಷ್ಟು ಬೆಳಿಗ್ಗೆ ಅಲ್ಲಿಂದಲೇ ಎದ್ದು ಶಾಲೆಗೆ ಬಂದಿದ್ದವು.

ನಾನು ನಗುತ್ತಾ, ಒಳಗೊಳಗೇ ಬೆವರುತ್ತಾ ದಾರಿ ಬದಲಿಸಿದೆ. "ಸರಿ, ಎಲೆಗೆ ಬಿಸಿಲು ಯಾಕೆ ಬೇಕು?"

"ಬಿಸ್ಲಲ್ಲಿ ಯಾರ್ ಒಣಗಿಸ್ತಾರೆ ಮಿಸ್? ಸೌದೆ ಆಕ್ಬೇಕು."

"ಆಯ್ತು. ಎಲೆ ಏನನ್ನು ತಯಾರಿಸುತ್ತದೆ? ಯೋಚನೆ ಮಾಡಿ ಹೇಳಿ. ಎಲೆಯಿಂದ ಏನು ತಯಾರಾಗುತ್ತದೆ?"

ಇಡೀ ತರಗತಿ ಒಕ್ಕೊರಲಿನಿಂದ ಕೂಗಿತು: "ಸಿಗರೇಟು ಮಿಸ್!"

ಇಷ್ಟಕ್ಕೇ ಮುಗಿದಿದ್ದರೆ ಮಕ್ಕಳ ಮೇಲೆ ತಪ್ಪು ಹೊರಿಸಿ ಪಾರಾಗಬಹುದಿತ್ತು. ಅಷ್ಟರಲ್ಲಿ ಕಿಟಕಿ ಪಕ್ಕದ ಪವಿತ್ರ ಎಂಬ ಹುಡುಗಿ, ಗಿಡದ ತುದಿಯ ಎಲೆಯನ್ನು ಮೊದಲು ಮುರಿಯಬೇಕು ಎಂದುಬಿಟ್ಟಳು. ನನಗೆ ತಡೆಯಲಾಗಲಿಲ್ಲ. ಚಿಕ್ಕಂದಿನಿಂದ ರಜೆಯನ್ನೆಲ್ಲ ಸೊಪ್ಪು ಕಟ್ಟುವುದರಲ್ಲೇ ಕಳೆದವಳು ನಾನು. "ಯಾರು ಏಳಿದ್ದು ನಿಂಗೆ? ಬುಡದೆಲೆ ತಾನೆ ಮೊದ್ಲು ಬಲಿಯೋದು! ತುದೀದು ಮುರುದ್ರೆ ನಿಮ್ಮಪ್ಪ ಸುಮ್ಕಿರ್ತಾನಾ?" ಎಂದೆ. ಬಿ.ಎಡ್. ಕಾಲೇಜು ಕಲಿಸಿದ ಶುದ್ಧ ಉಚ್ಚಾರಣೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಪವಿತ್ರ ಬಿಟ್ಟುಕೊಡಲಿಲ್ಲ, ನಾನೂ ಬಿಡಲಿಲ್ಲ. ತರಗತಿ ಎರಡು ಪಕ್ಷವಾಯಿತು. ಬೋರ್ಡಿನ ಮೇಲೆ ಗಿಡ ಬರೆದು, ಯಾವ ಎಲೆ ಯಾವಾಗ ಮುರಿಯಬೇಕು ಎಂದು ನಾನು ಗುರುತು ಹಾಕುತ್ತಿರುವಾಗ ಬೆಲ್ ಹೊಡೆಯಿತು.

ನಮ್ಮ ಮೇಷ್ಟ್ರು ಸಾಲಿಗ್ರಾಮದ ಕಡೆಯವರು, ಭತ್ತದ ಗದ್ದೆ ನೋಡಿ ಬೆಳೆದವರು. ಹತ್ತಿರ ಬಂದು, "ತುಂಬಾ ಉಪಯುಕ್ತವಾಗಿತ್ತಮ್ಮ. ಹೊಗೆಸೊಪ್ಪಿನ ಬಗ್ಗೆ ನಂಗೇನೂ ಗೊತ್ತಿರಲಿಲ್ಲ. ಅಂದಹಾಗೆ ಪಾಠ ಯಾವುದು?" ಎಂದರು. ನನ್ನ ಮುಖ ನೋಡಿ ಅವರಿಗೇ ಅಯ್ಯೋ ಅನ್ನಿಸಿರಬೇಕು. "ನಾಳೆ ಪಕ್ಕದ ಕ್ಲಾಸ್ ನೋಡಕ್ಕೆ ಹೇಗೂ ಬರ್ತೀನಿ. ಪೀಠಿಕೆ ಮಾತ್ರ ಇನ್ನೊಂದ್ಸಲ ಮಾಡಿ ತೋರ್ಸು. ಅದೇ ಕೊನೆ" ಎಂದು ಹೋದರು. ಅವರು ಮರೆಯಾದದ್ದೇ ತಡ, ನಾನು ಮಕ್ಕಳ ಮುಂದೆ ಕುರ್ಚಿಯಲ್ಲಿ ಕುಸಿದೆ. "ದ್ಯುತಿಸಂಶ್ಲೇಷಣೆ ಅನ್ನೋ ಒಂದು ಪದ ನಿಮ್ಮ ಬಾಯಲ್ಲಿ ಬರಲಿಲ್ಲವಲ್ಲ ಕಣ್ರೋ! ನಾನು ಫೇಲಾಗ್ತೀನಿ ಕಣ್ರೋ!" ಎಂದುಬಿಟ್ಟೆ. ಟೀಚರಾದವಳು ಮಕ್ಕಳೆದುರು ಹೀಗೆ ಅಳುವುದು ಯಾವ ಬೋಧನಾ ವಿಧಾನದಲ್ಲೂ ಇಲ್ಲ. ಮನೆಗೆ ಹೋಗಿ ಹೇಳಿದರೆ ಅವ್ವ, "ಮಕ್ಳು ಸರಿಯಾಗೇ ಏಳವ್ರಲ್ಲ, ಅದ್ರಲ್ಲಿ ತಪ್ಪೇನು? ನಿಮ್ ಮೇಷ್ಟ್ರೇ ಪೆದ್ದ ಬುಡು" ಎಂದು ಮುದ್ದೆ ತಿರುವುವುದರಲ್ಲಿ ಮಗ್ನಳಾದಳು.

ಮಾರನೆಯ ದಿನಕ್ಕೆ ನಾನು ಪ್ರಶ್ನೆಗಳನ್ನೆಲ್ಲ ಬದಲಾಯಿಸಿಕೊಂಡು ಹೋದೆ. ಎಲೆಯ ಸುದ್ದಿಯನ್ನೇ ಎತ್ತಬಾರದು. ಹಸಿವು, ಊಟ, ಅಡುಗೆಮನೆಯಿಂದ ಶುರು ಮಾಡಿ, ಗಿಡಕ್ಕೆ ಅಡುಗೆ ಮಾಡುವವರು ಯಾರು ಎಂದು ನಿಧಾನವಾಗಿ ಬರಬೇಕು. ಮೇಷ್ಟ್ರು ಹಿಂದೆ ಕೂತರು. ಮಕ್ಕಳು ಎಂದೂ ಇಲ್ಲದಷ್ಟು ನೆಟ್ಟಗೆ ಕೂತಿದ್ದವು. ನಾನು ಗಂಟಲು ಸರಿಮಾಡಿಕೊಂಡು, "ಮಕ್ಕಳೇ, ಹಸಿವಾದರೆ ನೀವು ಏನು ಮಾಡುತ್ತೀರಿ?" ಎಂದೆ.

"ದ್ಯುತಿಸಂಶ್ಲೇಷಣೆ ಮಿಸ್!"

ಹೆಂಚು ಹಾರುವ ಹಾಗೆ ಕೂಗಿದವು. ಒಬ್ಬನಾದರೂ ತಪ್ಪಲಿಲ್ಲ, ಒತ್ತಕ್ಷರ ಕೂಡ ಅಲುಗಲಿಲ್ಲ. ರಾತ್ರಿಯೆಲ್ಲ ಉರು ಹೊಡೆದಿದ್ದವೆಂದು ಕಾಣುತ್ತದೆ. ಆ ಕ್ಷಣದಲ್ಲಿ ನನಗೆ ಭೂಮಿಯೊಳಗೆ ಹೋಗಬೇಕೆನ್ನಿಸಿತು, ಜೊತೆಗೆ ಆ ಮಕ್ಕಳನ್ನೆಲ್ಲ ಎತ್ತಿ ಮುದ್ದಾಡಬೇಕೆಂದೂ ಅನ್ನಿಸಿತು. ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಭುಜ ಕುಲುಕುತ್ತಿತ್ತು. "ಬೋರ್ಡ್ ಮೇಲೆ ಬರಿಯಮ್ಮ. ಮಕ್ಕಳ ಬಾಯಿಂದಲೇ ಬಂತಲ್ಲ, ಇನ್ನೇನು" ಎಂದು ಅಂಕ ಹಾಕಿ ಪಕ್ಕದ ಕೋಣೆಗೆ ಹೋದರು.

ಅವರ ಚಪ್ಪಲಿಯ ಸದ್ದು ದೂರವಾಗುವವರೆಗೆ ಮಕ್ಕಳು ಕಿವಿಗೊಟ್ಟು ಕಾದವು. ಆಮೇಲೆ ಮನು ಮೆಲ್ಲಗೆ, "ಮಿಸ್, ಪಾಸಾ?" ಎಂದ. "ಪಾಸು ಕಣ್ರೋ!" ಎಂದೆ. ಚಪ್ಪಾಳೆಯೋ ಚಪ್ಪಾಳೆ. ಡಿಗ್ರಿ ತೆಗೆದುಕೊಂಡಾಗಲೂ ನನಗೆ ಅಂಥ ಚಪ್ಪಾಳೆ ಬಿದ್ದಿರಲಿಲ್ಲ. ಅವ್ವನಿಗೆ ಫೋನ್ ಮಾಡಬೇಕೆಂಬ ಅವಸರದಲ್ಲಿ ಚಾರ್ಟು ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಬ್ಯಾಗು ಹೆಗಲಿಗೇರಿಸಿದೆ.

ಆಗ ಪವಿತ್ರ ಕೈ ಎತ್ತಿದಳು.

"ಮಿಸ್, ಎಂಗೂ ಪಾಸಾದ್ರಲ್ಲ. ಈಗ್ಲಾದ್ರೂ ಏಳಿ, ಅಂಗಂದ್ರೆ ಏನು?"

ಇಡೀ ತರಗತಿ ನನ್ನ ಮುಖವನ್ನೇ ನೋಡುತ್ತಿತ್ತು. ಬೆಲ್ ಹೊಡೆಯಲು ಇನ್ನೂ ಅರ್ಧ ಗಂಟೆಯಿತ್ತು. ಅಷ್ಟು ಹೊತ್ತು ನಿಜವಾಗಿಯೂ ಪಾಠ ಮಾಡಬೇಕಾಗಿ ಬರಬಹುದು ಎಂದು ನಾನು ತಯಾರಾಗಿಯೇ ಬಂದಿರಲಿಲ್ಲ.