ನಡುವಿನ ಮಾತು ಬರಲೇ ಇಲ್ಲ

ಬೆಳಗ್ಗೆ ಬೀದಿಯ ತಿರುವಿನಲ್ಲಿ ಎದುರಾದ ಹೆಡ್ ಮೇಡಂ, "ಅಂಗಿ ಚೆನ್ನಾಗಿದೆ ಕಣ್ರೀ" ಎಂದು ಹೇಳಿ ಮುಂದೆ ನಡೆದುಬಿಟ್ಟರು. ಕನ್ನಡಕದಂಗಡಿಯ ಗುಮಾಸ್ತನ ಎದೆ ಧಸಕ್ಕೆಂದಿತು.

ಹೊಗಳಿದ್ದಕ್ಕಲ್ಲ. ಹೊಗಳಿ ಸುಮ್ಮನಾದದ್ದಕ್ಕೆ.

ಅವನಿದ್ದ ಭಾಷಣ ಕ್ಲಬ್ಬಿನಲ್ಲಿ ಒಂದು ಪದ್ಧತಿಯಿತ್ತು. ಯಾರೇ ಭಾಷಣ ಮಾಡಲಿ, ವಿಮರ್ಶೆಗೆ ನಿಂತವರು ಮೊದಲು ಮೆಚ್ಚಬೇಕು, ನಡುವೆ ತಪ್ಪು ಹೇಳಬೇಕು, ಕೊನೆಗೆ ಇನ್ನೊಂದು ಸಲ ಮೆಚ್ಚಿ ಕೂರಬೇಕು. ಮಾಡಿ ಮಾಡಿ ಸದಸ್ಯರಿಗೆಲ್ಲ ಅದು ಚಟವಾಗಿಹೋಗಿತ್ತು. ಟೈಲರಣ್ಣ ಮನೆಯಲ್ಲಿ ಸೊಸೆಗೆ, "ಟೀ ಬಿಸಿಯಾಗಿದೆಯಮ್ಮ, ಸಕ್ಕರೆ ಹಾಕೋದು ಮರೆತಿದ್ದೀಯ, ಲೋಟ ಮಾತ್ರ ಫಳಫಳ" ಎನ್ನುತ್ತಿದ್ದ. ಹಲ್ಲಿನ ಡಾಕ್ಟರು ರೋಗಿಗಳಿಗೆ, "ನಾಲಗೆ ಆರೋಗ್ಯವಾಗಿದೆ, ಎರಡು ಹಲ್ಲು ಕೀಳ್ಬೇಕು, ತುಟಿ ಬಹಳ ಚೆನ್ನಾಗಿದೆ" ಎನ್ನುತ್ತಿದ್ದರು. ಇನ್ನು ಕ್ಲಬ್ಬಿನ ಅಧ್ಯಕ್ಷೆಯಾದ ಹೆಡ್ ಮೇಡಂ ಇಡೀ ಜೀವಮಾನ ಶಾಲೆ ನಡೆಸಿದವರು. ನಡುವಿನ ಮಾತನ್ನು ನುಂಗಿಕೊಂಡು ಹೋಗುವ ಹೆಂಗಸೇ ಅಲ್ಲ.

ಹಾಗಾದರೆ ಆ ನಡುವಿನ ಮಾತನ್ನು ಎಲ್ಲಿಗೆಂದು ಎತ್ತಿಟ್ಟರು?

ಗುಮಾಸ್ತನಿಗೆ ಹೋದ ವಾರದ ಸಭೆ ನೆನಪಾಯಿತು. ಕ್ಲಬ್ಬಿನವರೆಲ್ಲ ಸೇರಿ ವರ್ಷದಲ್ಲಿ ಇಷ್ಟು ಭಾಷಣ ಮುಗಿಸಬೇಕೆಂದು ಗುರಿ ಇಟ್ಟುಕೊಂಡಿದ್ದರು. ಅದು ಅರ್ಧ ದಾರಿಯಲ್ಲೇ ಕುಕ್ಕರಿಸಿತ್ತು. "ಇದಕ್ಕೆಲ್ಲ ಕಾರಣ ಒಬ್ಬರೇ. ಮುಂದಿನ ವಾರ ತೀರ್ಮಾನ ಆಗ್ಬೇಕು" ಎಂದಿದ್ದರು ಮೇಡಂ. ಆ ಮುಂದಿನ ವಾರ ಎಂದರೆ ಇವತ್ತು ಸಂಜೆ.

ಆ ಒಬ್ಬ ತಾನೇ ಇರಬಹುದೇ? ಅವನು ಒಂದು ವಾರವೂ ತಪ್ಪಿಸದೆ ಭಾಷಣ ಮಾಡಿದ್ದನೇನೋ ನಿಜ. ಆದರೆ ಎಲ್ಲವೂ ಕನ್ನಡಕದ ಮೇಲೆಯೇ. ಬೇಸತ್ತು ಉಳಿದವರು ಬರುವುದನ್ನು ಬಿಟ್ಟಿರಬಹುದು. ಇವತ್ತಿನ ತೀರ್ಮಾನವೆಂದರೆ ತನ್ನನ್ನು ಕ್ಲಬ್ಬಿನಿಂದ ಹೊರಗೆ ಹಾಕುವುದೇ.

ಮನೆಗೆ ವಾಪಸು ಬಂದು ಹೆಂಡತಿಗೆ ಹೇಳಹೊರಟ. "ಲೇ, ಕ್ಲಬ್ಬಿನಲ್ಲಿ ನನ್ನನ್ನ..."

"ನಲ್ಲಿ ಸೋರ್ತಿದೆ ಅಂತ ಹೇಳಿದ್ದು ಕಿವಿಗೆ ಬಿತ್ತಾ ನಿಮ್ಗೆ?"

"ಅದಲ್ಲ, ಹೆಡ್ ಮೇಡಂ..."

"ಅವ್ರ ಮನೆ ನಲ್ಲೀನೂ ಸೋರ್ತಿದ್ಯಾ?"

ಮನೆಯಲ್ಲಿ ಅವನ ಒಂದು ವಾಕ್ಯವೂ ಕ್ರಿಯಾಪದವನ್ನು ಕಂಡದ್ದಿಲ್ಲ. ಅಂಗಡಿಯಲ್ಲಿ ಧಣಿಯದೇ ಬಾಯಿ. ವಾರಕ್ಕೊಮ್ಮೆ ಕ್ಲಬ್ಬಿನ ವೇದಿಕೆಯಲ್ಲಿ ಸಿಗುವ ಐದು ನಿಮಿಷ ಮಾತ್ರ ಅವನ ಸ್ವಂತದ್ದು. ಅಷ್ಟು ಹೊತ್ತು ಯಾರೂ ನಡುವೆ ಬಾಯಿ ಹಾಕುವಂತಿಲ್ಲ, ಏಳುವಂತಿಲ್ಲ, ನಲ್ಲಿಯ ಸುದ್ದಿ ಎತ್ತುವಂತಿಲ್ಲ. ಅದೂ ಹೋದರೆ ತಾನು ಗೋಡೆಗೆ ತೂಗುಹಾಕಿದ ಕೊಡೆಯಂತೆಯೇ ಸರಿ ಎಂದುಕೊಂಡು ಅಂಗಡಿಗೆ ನಡೆದ.

ಹಲ್ಲಿನ ಡಾಕ್ಟರು ಹೊಸ ಗಾಜು ಹಾಕಿಸಿಕೊಳ್ಳಲು ಬಂದು ಕೂತಿದ್ದರು. "ನಿಮ್ಮ ದನಿ ಇದೆಯಲ್ಲ, ಅದಕ್ಕೊಂದು ಗತ್ತಿದೆ" ಎಂದರು.

ಗುಮಾಸ್ತ ಕಾದ. ಡಾಕ್ಟರು ಮುಗುಳ್ನಕ್ಕರು.

"ಆದ್ರೆ?" ಎಂದ ಗುಮಾಸ್ತ.

"ಆದ್ರೆ ಏನೂ ಇಲ್ಲಪ್ಪ. ಗತ್ತಿದೆ, ಅಷ್ಟೇ."

ಗುಮಾಸ್ತ ಆ ಗತ್ತನ್ನೇ ಯೋಚಿಸುತ್ತ ಗಾಜು ಕೂರಿಸಿದ. ಎಡಗಣ್ಣಿನ ಗಾಜು ಬಲಕ್ಕೂ ಬಲಗಣ್ಣಿನದು ಎಡಕ್ಕೂ ಹೋಗಿ ಕೂತವು. ಡಾಕ್ಟರು ಕನ್ನಡಕ ಏರಿಸಿ ಎದ್ದವರು ಬಾಗಿಲೆಂದುಕೊಂಡು ಗಾಜಿನ ಬೀರುವಿಗೆ ಹಣೆ ಕೊಟ್ಟರು. ಸರಿ, ಈಗ ಬೈಗುಳ ಬರುತ್ತದೆ, ಬಂದರೆ ಜೀವಕ್ಕೆ ಸಮಾಧಾನ ಎಂದು ಗುಮಾಸ್ತ ಆಸೆಯಿಂದ ನೋಡಿದ. ಡಾಕ್ಟರು ಹಣೆ ತಿಕ್ಕಿಕೊಳ್ಳುತ್ತ, "ಪರವಾಗಿಲ್ಲ ಬಿಡಿ, ಎಲ್ಲಾ ಹೊಸದಾಗಿ ಕಾಣ್ತಿದೆ" ಎಂದು, ಗೋಡೆ ತಡವಿಕೊಂಡು ಹೊರಟೇ ಹೋದರು.

ಇನ್ನು ಅನುಮಾನವೇ ಉಳಿಯಲಿಲ್ಲ. ಇದು ಕಟುಕನ ಮನೆಯ ಉಪಚಾರ.

ಮಧ್ಯಾಹ್ನ ಟೈಲರಣ್ಣ ಬಂದ. ಮಾತಿಲ್ಲ ಕತೆಯಿಲ್ಲ, ಕೊರಳಿನ ಟೇಪು ಎಳೆದು ಗುಮಾಸ್ತನ ಬೆನ್ನಿಗೆ ಹಿಡಿದ.

"ಇದ್ಯಾಕೆ ಟೈಲರಣ್ಣ?"

"ಸುಮ್ನೆ. ಭುಜ ಗಟ್ಟಿಯಾಗಿದೆ ನಿಮ್ದು" ಎಂದು ಎರಡು ಸಲ ತಟ್ಟಿ ಹೋದ.

ಕ್ಲಬ್ಬಿನ ಸುದ್ದಿಯೆಲ್ಲ ಗೊತ್ತಿದ್ದು ಎಲ್ಲವನ್ನೂ ನೋಡುತ್ತಿದ್ದ ಧಣಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. "ಅಳತೆ ತಗೊಂಡ್ರಾ? ಮುಗೀತು ನಿನ್ ಕತೆ. ನಮ್ ಭಾವನ್ನ ಕೆಲಸದಿಂದ ತೆಗೆಯೋವಾಗ್ಲೂ ಮೊದ್ಲು ಹೀಗೇ ಕೋಟು ಹೊಲಿಸಿದ್ರು. ಕೋಟು ಹಾಕಿ, ಕೈ ಕುಲುಕಿ, ಬಾಗಿಲು ತೋರಿಸಿದ್ರು. ನಾನು ನೀನಾಗಿದ್ರೆ ಅವ್ರು ಬಾಯಿ ತೆಗೆಯೋಕೆ ಮುಂಚೆ ನಾನೇ ಶುರು ಮಾಡ್ತಿದ್ದೆ."

ಸಂಜೆ ಗ್ರಂಥಾಲಯದ ಮಹಡಿಯ ಕೋಣೆ ತುಂಬಿತ್ತು. ವರ್ಷವೆಲ್ಲ ಮುಖ ತೋರಿಸದವರೂ ಬಂದು ಕೂತಿದ್ದರು. ಎಲ್ಲರೂ ಅವನತ್ತ ತಿರುಗಿ ನಕ್ಕರು. ಟೈಲರಣ್ಣನ ಕಂಕುಳಲ್ಲಿ ಬಟ್ಟೆಯ ಗಂಟು.

ಹೆಡ್ ಮೇಡಂ ಎದ್ದುನಿಂತರು. "ಈ ವರ್ಷದ ಗುರಿ ಮುಟ್ಟಲಿಲ್ಲ. ಕಾರಣ ಒಬ್ಬರೇ ಅಂತ ಹೋದ ವಾರಾನೇ ಹೇಳಿದ್ದೆ. ಆ ಒಬ್ಬರು..."

"ನಿಲ್ಸಿ!" ಗುಮಾಸ್ತ ವೇದಿಕೆಗೆ ನೆಗೆದೇಬಿಟ್ಟ. "ಗೊತ್ತು ನಂಗೆ! ಬೆಳಗ್ಗೆಯಿಂದ ಅಂಗಿ ಚೆಂದ, ದನಿ ಚೆಂದ, ಭುಜ ಚೆಂದ! ಏನ್ ನಾನು ಮದುವೆ ಗಂಡಾ? ಗುರಿ ಮುಟ್ಟದೇ ಇರೋದಕ್ಕೆ ನಾನೊಬ್ನೇ ಕಾರಣಾನಾ? ಡಾಕ್ಟ್ರೇ, ಊರಿನವರ ಬಾಯೆಲ್ಲ ತೆಗೆಸ್ತೀರ, ನಿಮ್ಮ ಬಾಯಿ ಈ ವರ್ಷ ಎಷ್ಟು ಸಲ ತೆಗೆದ್ರಿ? ಟೈಲರಣ್ಣ, 'ಮುಂದಿನ ವಾರ ಗ್ಯಾರಂಟಿ' ಅನ್ನೋದು ಗಿರಾಕಿಗಳಿಗೆ ಸಾಲ್ದು ಅಂತ ನಮಗೂ ಹೇಳ್ತೀಯಲ್ಲ! ಕೇಳಿ ಎಲ್ರೂ. ನಾನು ಈ ಕ್ಲಬ್ ಬಿಡಲ್ಲ. ಬೇಕಾದ್ರೆ ಮುಂದಿನ ವರ್ಷದ ಗುರಿ ಪೂರ್ತಿ ನನ್ ತಲೆ ಮೇಲೆ ಹಾಕಿ. ನಿಮ್ಮೊಬ್ಬೊಬ್ಬರ ಕೈಲೂ ಭಾಷಣ ಮಾಡಿಸ್ತೀನಿ. ಮಾಡಿಸ್ದೇ ಇದ್ರೆ ಕೇಳಿ!"

ಹೆಡ್ ಮೇಡಂ ಕಣ್ಣು ಒರೆಸಿಕೊಂಡರು.

"ಆ ಒಬ್ರು ನಾನೇ ಕಣ್ರೀ" ಎಂದರು. "ಬೈದೂ ಬೈದೂ ಬಂದವ್ರನ್ನೆಲ್ಲ ಓಡಿಸಿದೆ. ನಾನು ಇಳೀತೀನಿ ಅಂದ್ರೆ ಅಧ್ಯಕ್ಷರಾಗೋಕೆ ಒಬ್ರೂ ತಯಾರಿಲ್ಲ. ಅದಕ್ಕೇ ನಿಮ್ಮನ್ನ ಹೊಗಳಿ ಒಪ್ಸೋಣ ಅಂತ ಎಲ್ರೂ ಮಾತಾಡ್ಕೊಂಡ್ವಿ. ಇವತ್ತು ರಾತ್ರಿಯೆಲ್ಲ ಬೇಕಾಗುತ್ತೆ ಅಂದ್ಕೊಂಡಿದ್ದೆ. ನೀವಾಗಿ ನೀವೇ, ಎಲ್ಲರ ಎದುರಿಗೆ!"

ಟೈಲರಣ್ಣ ಗಂಟು ಬಿಚ್ಚಿ, ಮಧ್ಯಾಹ್ನದ ಅಳತೆಗೆ ಸರಿಮಾಡಿದ ಅಧ್ಯಕ್ಷರ ಕೋಟನ್ನು ಅವನಿಗೆ ತೊಡಿಸಿಯೇಬಿಟ್ಟ. ಭುಜಕ್ಕೆ ಸರಿಯಾಗಿ ಕೂತಿತು.

ತನ್ನನ್ನು ತೆಗೆಯುವುದಿಲ್ಲ! ಗುಮಾಸ್ತನ ಮುಖ ಅರಳಿತು. "ಹಾಗಾದ್ರೆ ಮುಂದಿನ ವಾರ ನನ್ನ ಭಾಷಣ..."

"ಅಯ್ಯೋ, ಅಧ್ಯಕ್ಷರು ಭಾಷಣ ಮಾಡೋ ಹಾಗಿಲ್ಲ" ಎಂದರು ಡಾಕ್ಟರು, ಅವನ ಬದಲು ಪಕ್ಕದ ಕಂಬವನ್ನು ನೋಡುತ್ತ. "ಕ್ಲಬ್ಬಿನ ನಿಯಮ, ಮರೆತ್ರಾ? ಅವ್ರು ಬೇರೆಯವ್ರ ಕೈಲಿ ಮಾಡಿಸ್ಬೇಕು, ಕೂತು ಕೇಳ್ಬೇಕು."

"ನಾನು ಭಾಷಣ ಮಾಡದೆ ಎಷ್ಟು ವರ್ಷ ಆಯ್ತು ಗೊತ್ತೇನ್ರೀ?" ಎನ್ನುತ್ತ ಹೆಡ್ ಮೇಡಂ ಆಗಲೇ ವೇದಿಕೆ ಏರಿದ್ದರು. ಸೆರಗು ಬಿಗಿದು, ಗಂಟಲು ಸರಿಮಾಡಿಕೊಂಡು, "ನನ್ನ ಬಾಲ್ಯ" ಎಂದು ಆರಂಭಿಸಿದರು.

"ಆದ್ರೆ ನಾನು..." ಎಂದ ಗುಮಾಸ್ತ.

ಟೈಲರಣ್ಣ ಅವನನ್ನು ಮೊದಲ ಸಾಲಿನ ದೊಡ್ಡ ಕುರ್ಚಿಯಲ್ಲಿ ಕೂರಿಸಿ, ತುಟಿಯ ಮೇಲೆ ಬೆರಳಿಟ್ಟ.

"ಶ್! ಅಧ್ಯಕ್ಷರೇ, ಭಾಷಣ ನಡೀತಿದೆ."