ಗಟ್ಟಿ ಮನಷ್ಯಾನ ಪಾಳಿ

ಶಂಕ್ರೆಪ್ಪ: ಪಾಳಿ ಅಂದ್ರ ಪಾಳಿ. ಕಾಖಂಡಕಿ ಸಕ್ರವ್ವ ನನ್ನ ಹಿಂದ ಬಂದಾಳ. ಆಕಿ ಆಪರೇಶನ್ ಮೊದಲ ಹೆಂಗ ಆಗತೈತ್ರಿ?

ಜೋರಾಪುರ ಪೇಟೆಯ ಕಿರಾಣಿ ವ್ಯಾಪಾರಿ ಶಂಕ್ರೆಪ್ಪ ಕ್ಯಾನ್ಸರ್ ಆಸ್ಪತ್ರೆಯ ಕೌಂಟರಿಗೆ ಮೊಳಕೈ ಊರಿ ನಿಂತಿದ್ದ. ಗಲ್ಲದೊಳಗೆ ಗಡ್ಡೆ, ಜಗಳಕ್ಕೆ ಮಾತ್ರ ಅದು ಅಡ್ಡ ಬಂದಿರಲಿಲ್ಲ. ಕೌಂಟರಿನಲ್ಲಿ ಕುಳಿತ ಹುಡುಗಿ ನೇತ್ರಾ ಸಿಟ್ಟಾಗಿ ಎದ್ದು ಹೋದರೆ ಏನು ಗತಿ ಎಂದು ಹೆಂಡತಿ ಗುರುಬಸವ್ವನಿಗೆ ದಿಗಿಲು.

ನೇತ್ರಾ: ಇಲ್ಲಿ ಮೊದಲ ಬಂದವರಿಗೆ ಮೊದಲ ಅಂತಿಲ್ರಿ ಕಾಕಾ. ಹಿಂದಿನ ಪೇಶಂಟರ ಮಾಹಿತಿ ಎಲ್ಲಾ ಇಟ್ಕೊಂಡು, ಯಾರಿಗೆ ತಡಾ ಆದ್ರ ಜೀವಕ್ಕ ಧೋಕಾ ಐತಿ ಅಂತ ಕಂಪ್ಯೂಟರ್ ಹೇಳತೈತಿ. ಆಮ್ಯಾಲ ಡಾಕ್ಟರು ಗೊತ್ತು ಮಾಡ್ತಾರ.

ಶಂಕ್ರೆಪ್ಪ: ನಾ ತಡಕೋತೇನಿ ಅಂತ ಅದಕ್ಕ ಯಾರು ಹೇಳಿದ್ರು?

ನೇತ್ರಾ: ನೀವ ಹೇಳೀರಿ. ನಾವು ಫೋನ್ ಮಾಡಿ ಕೇಳಿದಾಗ, ನೋವಿಲ್ಲ, ಹೊಟ್ಟಿ ತುಂಬ ರೊಟ್ಟಿ ಉಣ್ಣಾಕತ್ತೇನಿ, ತೂಕ ಇಳದಿಲ್ಲ ಅಂದೀರಿ.

ಗುರುಬಸವ್ವ: ರೊಟ್ಟಿ? ಬರೀ ಗಂಜಿ ಮ್ಯಾಲ ಅದೀರಿ. ಅಂಗಿ ನೋಡ್ಕೋರಿ, ಅಣ್ಣನ ಅಂಗಿ ಹಾಕ್ಕೊಂಡಂಗ ಕಾಣತೈತಿ. ಯಾಕ ಹಂಗ ಹೇಳಿದ್ರಿ?

ಶಂಕ್ರೆಪ್ಪ: ಗಟ್ಟಿ ಇದ್ದವರನ್ನ ಮೊದಲ ಆರಿಸ್ತಾರ ಅನಕೊಂಡೆ. ಪೊಲೀಸ್ ಭರ್ತಿಯೊಳಗ ಹಂಗ ಅಲ್ಲೇನ?

ಗುರುಬಸವ್ವ: ಇಲ್ಲಿ ನಿಮ್ಮನ್ನ ಓಡಸಾಕ ಕರದಿಲ್ಲ.

ನೇತ್ರಾ ನಗು ತಡೆದುಕೊಂಡು ಮತ್ತೆ ಮೊದಲಿಂದ ಕೇಳತೊಡಗಿದಳು.

ನೇತ್ರಾ: ಖರೇ ಹೇಳ್ರಿ ಕಾಕಾ. ನೋವು ಐತೇನು?

ಶಂಕ್ರೆಪ್ಪ: ಐತಿ. ಗಲ್ಲ, ಕಿವಿ, ಬೆನ್ನು, ಮೊಳಕಾಲು...

ಗುರುಬಸವ್ವ: ಮೊಳಕಾಲು ನಮ್ಮ ಮದಿವಿ ಕಾಲದ್ದು, ಅದನ್ನ ಬಿಡವಾ. ಕಿವಿ ನೋವು ಮಾತ್ರ ಖರೇ. ನನಗ ನಿದ್ದಿ ಹತ್ತೈತಿ ಅನಕೊಂಡು, ಗ್ವಾಡಿ ಕಡೆ ಮುಖಾ ಮಾಡಿ ಕುಂತಿರ್ತಾರ.

ಶಂಕ್ರೆಪ್ಪನ ಮೊಳಕೈ ಕೌಂಟರಿನಿಂದ ಕೆಳಗಿಳಿಯಿತು. ತೂಕ ಮಾಡಿದರು, ತಕ್ಕಡಿ ಗುರುಬಸವ್ವನ ಪರವಾಗಿಯೇ ಸಾಕ್ಷಿ ಹೇಳಿತು. ಡಾಕ್ಟರು ಒಳಗೆ ಕರೆದು ಗಡ್ಡೆ ಮುಟ್ಟಿ ನೋಡಿದರು. ಆಮೇಲೆ ನೇತ್ರಾ ಹೊಸ ಮಾಹಿತಿ ತುಂಬಿ, ಡಾಕ್ಟರು ಗೊತ್ತು ಮಾಡಿದ ದಿನ ನೋಡಿ ಕಂಪ್ಯೂಟರ್ ಪರದೆಯಿಂದ ತಲೆಯೆತ್ತಿದಳು.

ನೇತ್ರಾ: ಸಕ್ರವ್ವಂದು ಆದ ಕೂಡ್ಲೇ ನಿಮ್ಮದ. ಸೋಮವಾರ ಆಪರೇಶನ್.

ಶಂಕ್ರೆಪ್ಪ: ಸೋಮವಾರನ? ಅವತ್ತು ಬೆಲ್ಲದ ಲಾರಿ ಬರತೈತಿ. ಸ್ವಲ್ಪ ಮುಂದ ಹಾಕಾಕ ಬರೂದಿಲ್ಲೇನ್ರಿ?

ಗುರುಬಸವ್ವ ಗಂಡನ ಕೈ ಹಿಡಿದುಕೊಂಡಳು. ಅದು ತಣ್ಣಗಿತ್ತು.

ಗುರುಬಸವ್ವ: ಲಾರಿ ಬರೂದು ಗುರುವಾರ. ಇವರಿಗೆ ಅಂಜಿಕಿ ಐತಿ ಅಂತ ಬರಕೋ ಯವ್ವಾ. ಸೋಮವಾರ ಇವರ ಜೋಡಿ ಅದನ್ನೂ ಕರಕೊಂಡು ಬರ್ತೇನಿ.