ಕ್ರಸ್ಟ್ ಗೇಟ್ಸ್‌ನ ಹೊಸ ಕ್ಯಾಸೆಟ್ಟು

ಗೋವಿಂದರಾಜನ ತೊಂದರೆ ನಾಲ್ಕು ಹಳೆಯ ಸೆಲ್ಲುಗಳಿಂದ ಶುರುವಾಯಿತು.

೧೯೯೮ರ ಜುಲೈ ತಿಂಗಳ ಒಂದು ಶುಕ್ರವಾರ ಯಲಬುರ್ಗಾದ ತಹಶೀಲ್ ಕಚೇರಿಯಲ್ಲಿ ಬೆಳಗ್ಗೆ ಹತ್ತೂವರೆಗೆ ಕರೆಂಟು ಹೋಯಿತು. ಗುಮಾಸ್ತ ಗೋವಿಂದರಾಜನ ಮೇಜಿನ ಮೇಲೆ ಟೇಪ್‌ರೆಕಾರ್ಡರ್ ಮತ್ತು ‘ಕ್ರಸ್ಟ್ ಗೇಟ್ಸ್’ ತಂಡದ ಹೊಸ ಕ್ಯಾಸೆಟ್ಟು ಇದ್ದವು. ಮುನಿರಾಬಾದ್ ಡ್ಯಾಮ್ ಕಾಲೊನಿಯ ಹುಡುಗರು ೧೯೭೪ರಲ್ಲಿ ಕಟ್ಟಿದ ರಾಕ್ ತಂಡ ಅದು. ಇಪ್ಪತ್ತನಾಲ್ಕು ವರ್ಷ ಒಂದೇ ಅಬ್ಬರದಲ್ಲಿ ಗಿಟಾರ್ ಬಾರಿಸಿದವರು ಈಗ ಶೈಲಿ ಬದಲಿಸಿದ್ದಾರೆ ಎಂಬ ಸುದ್ದಿ ಇತ್ತು.

ಆ ಕ್ಯಾಸೆಟ್ಟಿನ ವಿಮರ್ಶೆ ಮೂರು ಗಂಟೆಯ ಬಸ್ಸಿಗೆ ಕೊಪ್ಪಳಕ್ಕೆ ಹೋಗಬೇಕಿತ್ತು. ಚೆನ್ನಾಗಿದ್ದರೆ ಪ್ರತಿ ವಾರ ಹೆಸರು, ಫೋಟೋ ಸಮೇತ ಅಂಕಣ ಕೊಡುವುದಾಗಿ ವಾರಪತ್ರಿಕೆಯ ಸಂಪಾದಕ ರುದ್ರೇಶ ಹೇಳಿದ್ದ. ಗೋವಿಂದರಾಜ ಮೈದುನನ ಕೋಟು ಹಾಕಿಕೊಂಡು ಫೋಟೋ ತೆಗೆಸಿಟ್ಟಿದ್ದ.

ಟೈಪಿಸ್ಟ್ ಶೇಖರಮ್ಮ ತನ್ನ ರೇಡಿಯೋದ ಸೆಲ್ಲು ಬಿಚ್ಚಿ ಕೊಟ್ಟಳು.

“ನಡೀತಾವೇನ್ರಿ ಇವು?”

“ನಿನ್ನಿ ದಿನಪೂರ್ತಿ ಮಾಳಿಗಿ ಮ್ಯಾಲ ಬಿಸಿಲಿಗೆ ಇಟ್ಟೀನ್ರಿ. ವಾರ್ತಾ ಕೇಳಾಕಂತೂ ಅಡ್ಡಿಲ್ಲ. ಹಾಡಿನ ಗ್ಯಾರಂಟಿ ನಾ ಕೊಡಾಂಗಿಲ್ರಿ.”

ಕ್ಯಾಸೆಟ್ಟು ತಿರುಗಿತು. ಗಿಟಾರು ಕೆಸರಿನಲ್ಲಿ ಕಾಲೆತ್ತಿ ಇಡುವ ಎಮ್ಮೆಯಂತೆ ಬಂತು. ಹಿಂದೆಯೇ ಗಾಯಕ ವೆಂಕೋಬನ ದನಿ, ಬಾವಿಯ ತಳದಿಂದ ಬಂದಂತೆ.

ಜವಾನ ದೊಡ್ಡಬಸಪ್ಪ ಚಹಾ ಇಟ್ಟು ನಿಂತ. “ಸಾಹೇಬ್ರ, ಯಾರರ ತೀರಿಕೊಂಡಾರೇನ್ರಿ?”

“ರಾಕ್ ಸಂಗೀತ ಇದು.”

“ಹೌದ್ರಿ? ನಮ್ಮ ಕೋಣ ಉಸುಕಿನ್ಯಾಗ ಸಿಕ್ಕಾಗ ಹಿಂಗ ಒದರತಿತ್ತು.”

“ಗಾಬರಿ ಮಾಡಬ್ಯಾಡೋ ಅವರನ್ನ,” ಎಂದಳು ಶೇಖರಮ್ಮ. “ಫೋಟೋ ಬರೂದೈತಿ.”

ಗೋವಿಂದರಾಜ ಕಣ್ಣು ಮುಚ್ಚಿ ಎರಡೂ ಬದಿ ಕೇಳಿದ. ಅವನಿಗೆ ನಿಜಕ್ಕೂ ಹಿಡಿಸಿತು. ‘ಓಡಿ ದಣಿದವರು ಈಗ ನಡೆಯಲು ಕಲಿತಿದ್ದಾರೆ. ವೇಗ ಬಿಟ್ಟು ಆಳ ಹಿಡಿದಿದ್ದಾರೆ’ ಎಂದು ಬರೆದ. ಮೂರು ಪುಟದ ಕವರನ್ನು ಕಂಡಕ್ಟರನ ಕೈಗೆ ಕೊಟ್ಟಾಗ ಗಂಟೆ ಮೂರಕ್ಕೆ ಎರಡು ನಿಮಿಷ ಕಡಿಮೆ ಇತ್ತು.

ಐದೂಕಾಲಿಗೆ ಕರೆಂಟು ಬಂತು. ಶೇಖರಮ್ಮ ಸೆಲ್ಲು ವಾಪಸು ಕೇಳಿದಳು. ಗೋವಿಂದರಾಜ ಟೇಪಿಗೆ ವೈರು ಸಿಕ್ಕಿಸಿ ಗುಂಡಿ ಒತ್ತಿದ. ಅದೇ ಹಾಡು ಬಾಲಕ್ಕೆ ಡಬ್ಬಿ ಕಟ್ಟಿದ ನಾಯಿಯಂತೆ ಓಡತೊಡಗಿತು. ವೆಂಕೋಬ ಹುಡುಗನ ದನಿಯಲ್ಲಿ ಕೂಗುತ್ತಿದ್ದ. ದೊಡ್ಡಬಸಪ್ಪನ ಕಾಲು ತಾಳ ಹಾಕಿತು.

“ಈಗ ಛಲೋ ಐತಲ್ರಿ. ಇದರ ಬಗ್ಗೆ ಬರೀಬೇಕಿತ್ತು ನೀವು.”

ಸೆಲ್ಲಿಗೆ ಶಕ್ತಿ ಇರದೆ ಟೇಪು ನಿಧಾನ ತಿರುಗಿತ್ತು. ಗೋವಿಂದರಾಜ ಎಸ್‌ಟಿಡಿ ಬೂತಿಗೆ ಓಡಿದ.

“ರುದ್ರೇಶ, ನನ್ನ ವಿಮರ್ಶೆ ನಿಲ್ಲಸ್ರಿ. ಸ್ವಲ್ಪ ತಿದ್ದೂದೈತಿ.”

“ತಡ್ರಿ. ಜಾಹೀರಾತು ಕೊಡಾಕ ಬಂದು ಇಲ್ಲೇ ವೆಂಕೋಬ ಅದಾರ. ಅದನ್ನ ಓದಿ ಅಳಾಕತ್ಯಾರ.”

ಆಚೆಯಿಂದ ವೆಂಕೋಬನ ಗದ್ಗದ ದನಿ ಬಂತು.

“ನೀವೊಬ್ಬರ ನೋಡ್ರಿ ನಮ್ಮನ್ನ ತಿಳಕೊಂಡವರು. ನಾವು ನಿಧಾನನ ಹಾಡೀವಿ. ಕಾಪಿ ತಗಿಯಾಂವ ಸಣ್ಣ ಕ್ಯಾಸೆಟ್ಟಿನ್ಯಾಗ ಹಿಡಿಸ್ಲಿಲ್ಲಂತ ಸ್ಪೀಡ್ ಏರಿಸ್ಯಾನ. ಮುದುಕರು ಕುಣದಾರಂತ ಎಲ್ಲಾ ಪೇಪರಿನವರೂ ಬೈದಾರ. ಓಡಿ ದಣದೇವಿ, ಇನ್ನ ನಡಿಯೋಣು ಅಂತ ನಮ್ಮ ಹುಡುಗರಿಗೆ ನಾನೂ ಹೇಳಿದ್ದೆ. ನೀವು ಅದನ್ನ ಬರದೀರಿ.”

ಗೋವಿಂದರಾಜನ ಎದೆ ಹಿಗ್ಗಿತು. ತಿದ್ದುವ ಮಾತನ್ನು ಅಲ್ಲೇ ನುಂಗಿದ. “ಸಂಗೀತ ಕೇಳಾಕ ಕಿವಿ ಬೇಕಾಗ್ತತ್ರಿ,” ಎಂದ.

ರುದ್ರೇಶ ಫೋನು ತೆಗೆದುಕೊಂಡು ಬಾಗಿಲ ಬಳಿ ಸರಿದಂತಿತ್ತು. ದನಿ ಇಳಿದಿತ್ತು.

“ಎಲ್ಲಿ ಊಟ ಮಾಡಿಸಿದ ನಿಮಗ?”

“ಯಾರು?”

“ವೆಂಕೋಬ. ಆ ಕ್ಯಾಸೆಟ್ ನಾನೂ ಕೇಳೀನ್ರಿ. ಕುದುರಿ ಓಡಿದಂಗ ಓಡ್ತತಿ. ನಿಮಗೊಬ್ಬರಿಗೆ ನಿಧಾನ ಕೇಳ್ತು. ಅದೂ ಅವನ ಬಾಯಿ ಮಾತು, ಇದ್ದದ್ದು ಇದ್ದಂಗ. ಅಂವ ಹೇಳಿದ್ದು, ನೀವು ಬರಕೊಂಡದ್ದು. ನನಗಷ್ಟೂ ತಿಳಿಯಾಂಗಿಲ್ಲೇನು?”

ಸೆಲ್ಲಿನ ವಿಷಯ ಹೇಳಿದರೆ ತನಗೆ ಕಿವಿ ಇಲ್ಲವೆಂದಾಗುತ್ತಿತ್ತು. ಹೇಳದಿದ್ದರೆ ಊಟ ಮಾಡಿದ್ದೇನೆ ಎಂದಾಗುತ್ತಿತ್ತು.

“ಅಂಕಣ ಬ್ಯಾಡ್ರಿ,” ಎಂದ ರುದ್ರೇಶ. “ವಾರಕ್ಕೊಮ್ಮೆ ತಾಲ್ಲೂಕಿನ ಮಳಿ ಲೆಕ್ಕ ಕಳಸ್ರಿ, ಸಾಕು. ಅದರಾಗ ಯಾರ ಮಾತೂ ಸೇರಾಂಗಿಲ್ಲ.”

ಆ ವಾರ ಯಲಬುರ್ಗಾದಲ್ಲಿ ಮಳೆಯಾಗಿರಲಿಲ್ಲ.